ಎಳೆದ ನೀರು, ಬಿಟ್ಟ ನೀರು

"ಅಯ್ಯೋ, ಕೈ ತೆಗೀರಿ... ಸುಡುತ್ತೆ!"

ಹಿಂದಿನಿಂದ ಬಂದ ಕೂಗಿಗೆ ಅವಳು ಬೆಚ್ಚಿದಳು. ಬಿಸಿನೀರಿನ ಬಕೆಟ್ಟಿನೊಳಗಿದ್ದ ಕೈ ಮಾತ್ರ ತೆಗೆಯಲಿಲ್ಲ.

"ಮೂವತ್ತೆಂಟು ಡಿಗ್ರಿ. ಇದು ಮೀನಿಗೆ ಸುಡುತ್ತೆ ಸಾರ್, ನನಗಲ್ಲ."

ಅವನ ಮುಖ ಕೆಂಪೇರಿತು. ಕಂಟ್ರೋಲ್ ರೂಮಿಗೆ ಅಂದೇ ಬಂದ ಹೊಸ ಎಂಜಿನಿಯರ್ ಪಾಪ, ಮೊದಲ ದಿನವೇ ಪೇಚಿಗೆ ಸಿಕ್ಕಿದ್ದ.

ಕಡಲ ದಡದ ಆ ವಿದ್ಯುತ್ ಸ್ಥಾವರ ಯಂತ್ರ ತಂಪು ಮಾಡಲು ಕಡಲಿನಿಂದ ನೀರು ಎಳೆದು, ಬಿಸಿಯಾದ ಮೇಲೆ ಕಾಲುವೆಯಲ್ಲಿ ಕಡಲಿಗೇ ಬಿಡುತ್ತಿತ್ತು. ಎಳೆದ ನೀರಿಗಿಂತ ಬಿಟ್ಟ ನೀರು ಏಳು ಡಿಗ್ರಿಗಿಂತ ಹೆಚ್ಚು ಬಿಸಿಯಿರಬಾರದು. ಬಿಟ್ಟ ನೀರನ್ನು ಅಳೆಯುವವಳು ಅವಳು. ಎಳೆದ ನೀರಿನ ಲೆಕ್ಕ ನೋಡಿ, ಅಂತರ ಹೆಚ್ಚಾದರೆ ಯಂತ್ರದ ಓಟ ತಗ್ಗಿಸುವವನು ಅವನು.

ಹಾಗಾಗಿ ಗಂಟೆಗೊಂದು ಫೋನ್. ಅಂಕಿ ಹೇಳಿ ಇಡುತ್ತಿದ್ದವಳು ಎರಡೇ ತಿಂಗಳಲ್ಲಿ ಊಟದ ಸುದ್ದಿ, ತಲೆನೋವಿನ ಸುದ್ದಿ ಎಲ್ಲ ಹೇಳತೊಡಗಿದಳು. ಫೋನ್ ಐದು ನಿಮಿಷ ತಡವಾದರೆ ಜೀವ ಚಡಪಡಿಸುತ್ತಿತ್ತು. ಅದು ಪ್ರೀತಿಯೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಂದೇ ಒಂದು ಕೊರಗಿತ್ತು. ಕಾಲುವೆಯಾಚೆಯ ಬಂಡೆಗಳಲ್ಲಿ ಚಿಪ್ಪುಮೀನು ಆರಿಸುವ ಅಮ್ಮ ದಿನಾ ಬಿಸಿಗೆ ಸತ್ತ ಅರ್ಧ ಬುಟ್ಟಿ ಚಿಪ್ಪು ತರುತ್ತಿದ್ದಳು. ಕಂಟ್ರೋಲ್ ರೂಮಿನ ದಾಖಲೆ ಪುಸ್ತಕದಲ್ಲಿ ನೋಡಿದರೆ ಅಂತರ ಆರೇ ಡಿಗ್ರಿ, ಮಿತಿಯೊಳಗೇ!

ಒಂದು ಮಧ್ಯಾಹ್ನ ಅವಳ ಕಣ್ಣಿಗೆ ಬಿದ್ದದ್ದು ಬೇರೆಯೇ. ನೀರೆಳೆಯುವ ಕಟ್ಟೆಯ ಮೇಲೆ ಅವನೊಬ್ಬನೇ ನಿಂತು, ಉಷ್ಣಮಾಪಕವನ್ನು ಬಿಚ್ಚಿ ದೂರದ ಕಂಬಕ್ಕೆ ಕಟ್ಟುತ್ತಿದ್ದ.

ಅವಳು ಅಲ್ಲೇ ಮರೆಗೆ ಸರಿದಳು. 'ಮಾಪಕವನ್ನು ಬೇಕಾದ ಕಡೆ ಕಟ್ಟಿ ಅಂಕಿಯನ್ನು ಆರರಲ್ಲೇ ನಿಲ್ಲಿಸುವುದು ಹೀಗೋ...'

ಅಂದಿನಿಂದ ಅವನ ಫೋನ್ ಎತ್ತಲಿಲ್ಲ. ಅಂಕಿಯನ್ನು ಚೀಟಿಯಲ್ಲಿ ಬರೆದು ಕಳಿಸಿದಳು. ಹಿರಿಯ ಅಧಿಕಾರಿಗೆ ದೂರನ್ನೂ ಕೊಟ್ಟಳು. ಎಂಟನೆಯ ದಿನ ಅಮ್ಮನ ಮುಂದೆ ಕೂತು ಎಲ್ಲ ಹೇಳಿ ಅತ್ತಳು.

ಅಮ್ಮ ಬುಟ್ಟಿ ಕೆಳಗಿಟ್ಟು ಕೇಳಿದ್ದು ಒಂದೇ ಮಾತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಅಳೆಯೋದೇ ನಿನ್ನ ಕೆಲಸ. ಆ ಜಾಗ ಅಳೆದೆಯಾ?"

ಅಳೆದಿರಲಿಲ್ಲ.

ಮರುದಿನ ಕಟ್ಟೆಗೆ ಹೋಗಿ ಎರಡೂ ಕಡೆ ಬಕೆಟ್ ಇಳಿಸಿದಳು. ಹಳೆಯ ಜಾಗದಲ್ಲಿ ಮೂವತ್ತೆರಡು. ಅವನು ಕಟ್ಟಿದ ಕಂಬದ ಬಳಿ ಇಪ್ಪತ್ತೊಂಬತ್ತು. ಕಾಲುವೆಯ ಬಿಸಿನೀರು ಸುತ್ತಿಕೊಂಡು ಬಂದು ಹಳೆಯ ಮೂಲೆಯಲ್ಲೇ ನಿಲ್ಲುತ್ತಿತ್ತು. ಬಿಸಿಯನ್ನು ಬಿಸಿಯೊಂದಿಗೆ ಹೋಲಿಸಿದರೆ ಅಂತರ ಕಡಿಮೆಯೇ ತಾನೆ? ಸುಳ್ಳು ಹೇಳುತ್ತಿದ್ದದ್ದು ಹಳೆಯ ಜಾಗ. ಅವನು ಅದನ್ನು ಸರಿಪಡಿಸಿದ್ದ!

ಕಂಟ್ರೋಲ್ ರೂಮಿಗೆ ಓಡಿದಳು. ಪುಸ್ತಕದ ತುಂಬ ಅವನದೇ ಕೈಬರಹ: ಅಂತರ ಒಂಬತ್ತು, ಒಂಬತ್ತು, ಓಟ ತಗ್ಗಿಸಿದೆ. ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಕೇಳದೆ ಜಾಗ ಬದಲಿಸಿದ್ದಕ್ಕೆ, ಓಟ ತಗ್ಗಿಸಿದ್ದಕ್ಕೆ, ಅದರ ಮೇಲೆ ಅವಳ ದೂರಿಗೆ ಅವನನ್ನು ಪಂಪ್‌ಹೌಸಿಗೆ ದಬ್ಬಿದ್ದರು. ವಿಚಾರಣೆಯಲ್ಲಿ ಅವನು ಹೇಳಿದ್ದಿಷ್ಟೇ ಎಂದು ಹಿರಿಯ ಅಧಿಕಾರಿ ತಿಳಿಸಿದರು: ಅಳೆಯುವವರು ಅನುಮಾನ ಪಡಲೇಬೇಕು, ಅವರನ್ನು ಏನೂ ಅನ್ನಬೇಡಿ.

ಅವಳು ಎರಡೂ ಜಾಗದ ಅಂಕಿ ಬರೆದು ಸಹಿ ಹಾಕಿ ಅವರ ಮುಂದಿಟ್ಟಳು. ತಪ್ಪು ತನ್ನದೆಂದೂ ಬರೆದಳು. ಓದಿದ ಅಧಿಕಾರಿ, ನಾಳೆಯಿಂದ ಅವನು ಕಂಟ್ರೋಲ್ ರೂಮಿಗೇ ಬರಲಿ ಎಂದರು.

ಪಂಪ್‌ಹೌಸಿನ ಬಾಗಿಲಲ್ಲಿ ಅವನು ಗ್ರೀಸ್ ಕೈ ಒರೆಸಿಕೊಳ್ಳುತ್ತಿದ್ದ.

"ನನಗೊಂದು ಮಾತು ಹೇಳಬಾರದಿತ್ತಾ?"

"ಫೋನ್ ಎತ್ತಿದ್ರೆ ಹೇಳ್ತಿದ್ದೆ."

ಅವಳ ಕಣ್ಣು ತುಂಬಿತು. "ನಿಮ್ಮನ್ನ ಕಳ್ಳ ಅಂದುಕೊಂಡೆ. ಅಂದುಕೊಂಡು... ನಾನೇ ಸತ್ತ ಹಾಗಾಗಿತ್ತು."

"ಕಂಟ್ರೋಲ್ ರೂಮ್ ಹೋಗಿದ್ದಕ್ಕೆ ಬೇಜಾರಾಗಲಿಲ್ಲ. ಎಂಟು ದಿನ ನಿಮ್ಮ ದನಿ ಇಲ್ಲ ನೋಡಿ, ಅದು ತಡೆಯೋಕಾಗಲಿಲ್ಲ." ಅವನು ಕೈ ಒರೆಸುವ ಬಟ್ಟೆ ಬದಿಗಿಟ್ಟ. "ನೀವಿಲ್ಲದೆ ನನಗಾಗಲ್ಲ."

ಅವಳು ಅವನ ಗ್ರೀಸ್ ಕೈಯನ್ನೇ ಹಿಡಿದುಕೊಂಡಳು.

"ಹಾಗಾದ್ರೆ ಸಂಜೆ ಮನೆಗೆ ಬನ್ನಿ. ಅಮ್ಮ ನೋಡಬೇಕಂತೆ."

"ನನ್ನ ಬಗ್ಗೆ ಏನಂತ ಹೇಳಿದ್ದೀರಿ?"

"ಮೋಸಗಾರ ಅಂತ."

"ದೇವರೇ! ಈಗ ಹೋಗಿ ಏನು ಹೇಳ್ಲಿ?"

"ಮಗಳನ್ನ ಕೊಡಿ ಅನ್ನಿ," ಎಂದಳು ಅವಳು, ಅಳುತ್ತಲೇ ನಗುತ್ತ. "ಮಗಳು ಒಪ್ಪಿದ್ದಾಳೆ."