ಆರಿಂಚಿನ ಅಣ್ಣ

"ಅಯ್ಯೋ... ನಮ್ಮಣ್ಣನ ತಲೆ!"

ಅರ್ಶಿಯಾ ಕಿರುಚಿದ ಸದ್ದಿಗೆ ತುಮಕೂರು ಅಂಚಿನ ಮರಳೂರಿನ ಆ ಬೀದಿಯ ಎರಡು ನಾಯಿಗಳು ಒಟ್ಟಿಗೆ ಬೊಗಳಿದವು.

ಕಿರುಚದೆ ಇನ್ನೇನು ಮಾಡಿಯಾಳು? ಬಾಗಿಲು ತೆರೆದಿತ್ತು, ಒಳಗೆ ಕಾಲಿಟ್ಟಳು. ಮೇಜಿನ ಮೇಲೆ ಅರ್ಧ ಹೆಚ್ಚಿದ ಆಲೂಗಡ್ಡೆ. ಅದಕ್ಕೆ ಚುಚ್ಚಿದ ಬಿದಿರುಕಡ್ಡಿ. ಕಡ್ಡಿಯ ತುದಿಯಲ್ಲಿ ಗೋಲಿಯಷ್ಟು ದೊಡ್ಡ ತಲೆ. ಬೂದು ಬಣ್ಣ, ಅಗಲ ಕಿವಿ... ಹೋದ ವರ್ಷ ಕಾರ್ಗಿಲ್ ಯುದ್ಧದಲ್ಲಿ ತೀರಿಕೊಂಡ ಅವಳ ಅಣ್ಣ ಸಯೀದನದೇ!

"ಕೂಗಬೇಡಿ ಮೇಡಂ. ಟೇಬಲ್ ಅಲ್ಲಾಡಿದ್ರೆ ಹುಬ್ಬು ಕೆಡುತ್ತೆ."

ಹೀಗೆಂದವನು ಝುಬೇರ್. ಹಗಲು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಅಚ್ಚು ಕೆತ್ತುವ ಕೆಲಸ. ಸಂಜೆ ಮತ್ತು ಭಾನುವಾರ ಪುಟ್ಟ ಪುಟ್ಟ ಸೈನಿಕರನ್ನು ಮಾಡುತ್ತಿದ್ದ. ತಾಮ್ರದ ತಂತಿಯ ಮೂಳೆ, ಪೈಪಿನ ಸೋರಿಕೆ ಮುಚ್ಚುವ ಎಂ-ಸೀಲ್‌ನ ಮೈ, ಮೇಲೆ ಕೂದಲೆಳೆಯಂಥ ಬ್ರಷ್‌ನಲ್ಲಿ ಬಣ್ಣ. ಯೋಧರನ್ನು ಕಳೆದುಕೊಂಡ ಮನೆಯವರು ಕೇಳಿದರೆ ಮಾಡಿಕೊಡುತ್ತಿದ್ದ, ಅಷ್ಟೇ.

"ತಲೇನ ಹೀಗೆ... ಕಡ್ಡಿಗೆ ಚುಚ್ಚಿ ಇಡ್ತಾರೇನ್ರೀ?"

"ತಲೆ ಬೇರೆ, ಮೈ ಬೇರೆ ಮಾಡ್ಕೊಂಡು ಆಮೇಲೆ ಸೇರಿಸೋದು. ಇಲ್ದಿದ್ರೆ ಕತ್ತಿನ ಸಂದಿಗೆ ಬ್ರಷ್ ಹೋಗಲ್ಲ."

"ಆಲೂಗಡ್ಡೆಗೇ ಆಗ್ಬೇಕಿತ್ತಾ?"

"ಬದನೆಕಾಯಿ ಉರುಳುತ್ತೆ."

ಅರ್ಶಿಯಾಗೆ ಮೈಯೆಲ್ಲ ಉರಿಯಿತು. ಇವನಿಗೆ ತಮಾಷೆಯಾ? ಅವನ ಮುಖ ನೋಡಿದಳು. ಇಲ್ಲ, ತಮಾಷೆಯಲ್ಲ. ನಿಜಕ್ಕೂ ಬದನೆಕಾಯಿಯನ್ನು ಪರೀಕ್ಷೆ ಮಾಡಿ ನೋಡಿದ್ದ ಪುಣ್ಯಾತ್ಮ! ಅದೇ ಇನ್ನೂ ಸಿಟ್ಟು ತರಿಸಿತು.

ಈ ಕೆಲಸ ಹಚ್ಚಿದವರು ಶಿವರಾಮಯ್ಯ ಮೇಷ್ಟ್ರು, ಕುಣಿಗಲ್‌ನಲ್ಲಿ ಸಯೀದ್ ಓದಿದ ಶಾಲೆಯ ಹೆಡ್‌ಮಾಸ್ಟರು. 2000ದ ಆಗಸ್ಟ್ ಹದಿನೈದಕ್ಕೆ ಅವನ ಪುಟ್ಟ ಪ್ರತಿರೂಪವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಕ್ಕಳಿಗೆ ತೋರಿಸಬೇಕೆಂಬುದು ಅವರ ಆಸೆ.

ಸಯೀದನ ತಾಯಿ ಕುಲ್ಸುಂ ಬೀ ಎರಡು ದಿನ ಯೋಚಿಸಿ ಒಪ್ಪಿದ್ದರು. "ಬೊಂಬೆ ಮನೇಲಿ ಬೇಡ ಮೇಷ್ಟ್ರೇ, ಹಾರಗೀರ ಹಾಕೋದೂ ಬೇಡ. ಹುಡುಗ್ರು ನೋಡಿ ಹಿಂಗಿದ್ದ ಅಂತ ತಿಳ್ಕೊಂಡ್ರೆ ಸಾಕು."

ಹೀಗಿದ್ದ ಅಂತ... ಅಷ್ಟೇ ಅರ್ಶಿಯಾಗೂ ಬೇಕಾಗಿದ್ದದ್ದು. ಅಣ್ಣ ಇದ್ದ ಹಾಗೇ ಇರಬೇಕು. ಒಂದು ಕೂದಲೂ ಆಚೀಚೆ ಆಗಬಾರದು!

ಅದಕ್ಕೇ ಮೇ ತಿಂಗಳಿಂದ ಶುರುವಾಯಿತು ಅವಳ ಓಡಾಟ. ಮೊದಲ ದಿನವೇ "ಇದನ್ನ ನೋಡ್ಕೊಂಡೇ ಬದುಕ್ತಿದೀವಿ" ಎಂದು ಅಣ್ಣನ ಫೋಟೋದ ಪ್ರತಿಯೊಂದನ್ನು ಝುಬೇರನ ಕೈಗಿಟ್ಟಿದ್ದಳು. ಕುಣಿಗಲ್‌ನಲ್ಲಿ ಅವಳದು ಹೊಲಿಗೆ ಅಂಗಡಿ. ಶಾಲೆ ತೆರೆಯುವ ಸಮಯ, ಯೂನಿಫಾರಂ ರಾಶಿ ಬಿದ್ದಿತ್ತು. ಅದನ್ನೆಲ್ಲ ಬಿಟ್ಟು ಕಿಕ್ಕಿರಿದ ಬಸ್ಸಿನಲ್ಲಿ ತುಮಕೂರಿಗೆ ಬಂದರೆ ಇವನ ಹತ್ತಿರ ಇದ್ದದ್ದೇನು? ಪ್ರಶ್ನೆಗಳು!

"ನಿಮ್ಮಣ್ಣ ನಿಂತ್ಕೊಂಡ್ರೆ ಯಾವ ಕಾಲ್ಮೇಲೆ ಭಾರ ಹಾಕ್ತಿದ್ರು?"

"ಎರಡೂ ಕಾಲ್ಮೇಲೆ ರೀ!"

"ಯಾರೂ ಹಾಗೆ ನಿಲ್ಲಲ್ಲ. ಯೋಚ್ನೆ ಮಾಡಿ ಮುಂದಿನ ಭಾನುವಾರ ಹೇಳಿ."

ಮುಂದಿನ ಭಾನುವಾರ ಬಂದರೆ ಇನ್ನೊಂದು. ನಗುವಾಗ ಕಣ್ಣು ಸಣ್ಣ ಆಗ್ತಿತ್ತಾ? ಬೂಟಿನ ಲೇಸು ಉದ್ದ ಬಿಡ್ತಿದ್ರಾ? ಮುದ್ದೆ ಇಷ್ಟಾನಾ, ಅನ್ನ ಇಷ್ಟಾನಾ?

"ಮುದ್ದೆ ತಿಂದ್ರೆ ಬೊಂಬೆ ದಪ್ಪ ಆಗುತ್ತೇನ್ರೀ?"

"ಕೇಳಿರ್ಲಿ ಅಂತ ಕೇಳ್ದೆ."

ಇಬ್ಬರ ಮನೆಮಾತೂ ಉರ್ದುವೇ ಆದರೂ ಅರ್ಶಿಯಾ ಅವನ ಜೊತೆ ಹಟಹಿಡಿದು ಕನ್ನಡವನ್ನೇ ಆಡುತ್ತಿದ್ದಳು. ಮನೆಮಾತು ಮನೆಯವರಿಗೆ. ಇಂಥವನ ಜೊತೆ ಅದರಲ್ಲಿ ಜಗಳ ಆಡಿದರೂ ಸಲಿಗೆ ಕೊಟ್ಟಂತಾಗುತ್ತದೆ. ಅವನೂ ಅರ್ಥ ಮಾಡಿಕೊಂಡವನಂತೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದ.

ಒಂದು ಭಾನುವಾರ ಮೊಣಕೈ ಹತ್ತಿರದ ಬಟ್ಟೆ ಸುಕ್ಕು ಸರಿ ಬರುತ್ತಿಲ್ಲವೆಂದು ಮೂರನೇ ಸಲ ಕೆರೆದು ತೆಗೆಯುತ್ತಿದ್ದ. ನೋಡಿ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಈ ಕಡೆ ಕೊಡಿ ಇಲ್ಲಿ! ದಪ್ಪ ಬಟ್ಟೆ ಹಾಗೆ ಮುದುಡಲ್ಲ."

ಚೀಲದಿಂದ ಖಾಕಿ ತುಂಡೊಂದನ್ನು ತೆಗೆದು ಅವನ ಕೈಗೇ ಸುತ್ತಿ ಮೊಣಕೈ ಮಡಿಸಿ ತೋರಿಸಿದಳು. ಸುತ್ತಿದ ಮೇಲೆ ಹೊಳೆಯಿತು, ತಾನು ಹಿಡಿದಿರುವುದು ಅವನ ಕೈ ಎಂದು! ಸರಕ್ಕನೆ ಬಿಟ್ಟಳು. ಝುಬೇರ್ ಮಾತ್ರ ಆ ಸುಕ್ಕನ್ನೇ ನೋಡುತ್ತಿದ್ದ. ಆದರೆ ಅವನ ಕಿವಿ ಕೆಂಪಾಗಿತ್ತು.

ವಾಪಸ್ ಬಸ್ಸಿನಲ್ಲಿ ಅವಳಿಗೆ ಸೀಟು ಸಿಗಲಿಲ್ಲ. ಸಿಟ್ಟೂ ಬರಲಿಲ್ಲ. ನನಗೇನಾಗಿದೆ...?

ಅದೇ ರಾತ್ರಿ ಊಟಕ್ಕೆ ಕೂತಾಗ ಥಟ್ಟನೆ ನೆನಪಾಯಿತು. ಅಣ್ಣ ಬಲಗಾಲ ಮೇಲೆ ಭಾರ ಹಾಕಿ, ಎಡಗಾಲನ್ನು ಬಾಗಿಲ ಹೊಸ್ತಿಲಿಗೆ ಆನಿಸಿ ನಿಲ್ಲುತ್ತಿದ್ದ! ಒಂದು ವರ್ಷದಲ್ಲಿ ಮೊದಲ ಬಾರಿಗೆ ಅಳದೆ ಅಣ್ಣನನ್ನು ನೆನೆದಿದ್ದಳು.

ಆಗಸ್ಟ್ ಹದಿಮೂರು, ಭಾನುವಾರ. ಬೊಂಬೆ ಸಿದ್ಧವಾಗಿತ್ತು.

ಆಳಿನ ಒಂದು ಅಡಿ ಎತ್ತರಕ್ಕೆ ಒಂದಿಂಚಿನ ಲೆಕ್ಕ, ಆರಿಂಚಿಗೆ ಎರಡು ನೂಲು, ಅಂದರೆ ಕಾಲಿಂಚು, ಕಮ್ಮಿ. ಅರ್ಶಿಯಾ ಬಗ್ಗಿ ನೋಡಿದಳು. ಅದೇ ನಿಲುವು, ಅದೇ ಕಿವಿ, ಕಣ್ಣಂಚಿನಲ್ಲಿ ಅದೇ ನಗು... "ಭಾಯ್" ಎಂದು ಬಾಯಿಂದ ಬರುವುದರಲ್ಲಿತ್ತು.

ಅಷ್ಟರಲ್ಲಿ ಹುಬ್ಬು ಕಂಡಿತು.

"ಇದೇನ್ರೀ? ಗಾಯದ ಗುರುತು ಎಡಹುಬ್ಬಲ್ಲಿ ಹಾಕಿದೀರಾ! ವಾಚೂ ಎಡಗೈಗೆ! ಫೋಟೋದಲ್ಲಿ ಎಲ್ಲಾ ಬಲಗಡೆ ಐತಲ್ರೀ!"

ಝುಬೇರ್ ಬ್ರಷ್ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ನಾನು ಹಾಕಿರೋದು ಸರಿ ಇದೆ ಅನ್ಸುತ್ತೆ."

"ಅನ್ಸುತ್ತಾ? ನಿಮಗೆ? ನಮ್ಮಣ್ಣನ್ನ ಕಣ್ಣಲ್ಲೇ ನೋಡಿಲ್ಲ ನೀವು! ಆ ಗಾಯ ಮಾಡಿದ್ದೇ ನಾನು. ಏಳು ವರ್ಷದವಳಿದ್ದಾಗ ಬುಗುರಿಯಲ್ಲಿ ಹೊಡೆದಿದ್ದೆ. ನನಗೆ ಗೊತ್ತಿಲ್ವಾ?"

"ಒಂದ್ಸಲ... ನಿಮ್ಮ ಅಮ್ಮೀನ ಕೇಳಿ."

"ಮಗನ್ನ ಕಳ್ಕೊಂಡಿರೋ ತಾಯಿ ಹತ್ರ ಹೋಗಿ, ಗಾಯ ಯಾವ ಕಡೆ ಇತ್ತು ಅಂತ ಕೇಳ್ಬೇಕಾ? ಎದೇಲಿ ಹೃದಯ ಇಟ್ಕೊಂಡಿದೀರಾ, ಇಲ್ಲಾ ಅಲ್ಲೂ ಎಂ-ಸೀಲ್ ತುಂಬಿದೀರಾ?"

ಅವನು ಫೋಟೋ ಕಡೆ ಕೈ ಚಾಚಿದ. ಅವಳ ಕಣ್ಣಲ್ಲಿ ನೀರು ನೋಡಿ ಹಿಂದಕ್ಕೆಳೆದುಕೊಂಡ.

"ಸರಿಮಾಡಿ ನಾಡಿದ್ದು ಸ್ಕೂಲಿಗೆ ಕಳಿಸಿ. ನೀವು ಮಾತ್ರ ಬರ್ಬೇಡಿ!"

ಸಂಜೆ ಮನೆಗೆ ಬಂದು ಚಪ್ಪಲಿಯನ್ನು ಮೂಲೆಗೆಸೆದಳು. ಕುಲ್ಸುಂ ಬೀ ಅಕ್ಕಿ ಆರಿಸುತ್ತಿದ್ದರು.

"ಏನಾಯ್ತೇ?"

"ಮೂರು ತಿಂಗಳು ಪ್ರಾಣ ತಿಂದು, ಕೊನೆಗೆ ಗಾಯ ಎಡಗಡೆ ಹಾಕವ್ನೆ ಅಮ್ಮಿ! ಫೋಟೋ ಕೈಯಲ್ಲೇ ಇಟ್ಕೊಂಡು!"

ಕುಲ್ಸುಂ ಬೀಯ ಕೈ ನಿಂತಿತು. ಮೊರವನ್ನು ಪಕ್ಕಕ್ಕಿಟ್ಟರು.

"ಎಡಗಡೇನೇ ಅಲ್ವೇನೇ ಇದ್ದಿದ್ದು..."

"ಅಮ್ಮಿ?"

"ಹಾಲು ಕುಡಿಸಿ ಬೆಳೆಸಿದ ಮುಖ ಕಣೇ. ನನಗೆ ಗೊತ್ತಿಲ್ವಾ?"

ಅರ್ಶಿಯಾ ಬೀರು ತೆಗೆದು ಫೋಟೋ ಹೊರಗೆಳೆದಳು. ರಜೆಗೆ ಬಂದಾಗ ಸಯೀದ್ ಕೈಕಟ್ಟಿ ನಿಂತು ತೆಗೆಸಿಕೊಂಡದ್ದು. ಆಗಿನ ಸಣ್ಣ ಪ್ರತಿ ಅವನ ಜೊತೆಗೇ ಹೋಗಿತ್ತು. ಸಾವಿನ ಸುದ್ದಿ ಬಂದ ವಾರ ಅರ್ಶಿಯಾನೇ ನೆಗೆಟಿವ್ ಹಿಡಿದು ಸ್ಟುಡಿಯೋಗೆ ಓಡಿ, ಅವಸರ ಮಾಡಿ ದೊಡ್ಡದು ಹಾಕಿಸಿದ್ದಳು.

ಈಗ ಮೊದಲ ಬಾರಿಗೆ ಅವಳು ಮುಖ ಬಿಟ್ಟು ಶರ್ಟು ನೋಡಿದಳು.

ಜೇಬು ಬಲಗಡೆ. ಗುಂಡಿಪಟ್ಟಿಯಲ್ಲಿ ಬಲಗಡೆಯದು ಮೇಲೆ, ಎಡಗಡೆಯದು ಕೆಳಗೆ... ಹೆಣ್ಣುಮಕ್ಕಳ ಶರ್ಟಿನ ಹಾಗೆ!

ಸ್ಟುಡಿಯೋದವರು ಅವಸರದಲ್ಲಿ ನೆಗೆಟಿವ್ ಮಗುಚಿ ಹಾಕಿದ್ದರು, ಎಡವೆಲ್ಲ ಬಲವಾಗಿತ್ತು. ದಿನಕ್ಕೆ ಹತ್ತು ಯೂನಿಫಾರಂ ಹೊಲಿಯುವವಳು, ಗಂಡುಹುಡುಗರಿಗೆ ಈ ಕಡೆ ಹುಡುಗಿಯರಿಗೆ ಆ ಕಡೆ ಎಂದು ಕಣ್ಣು ಮುಚ್ಚಿ ಗುಂಡಿ ಹಾಕುವವಳು, ಒಂದು ವರ್ಷ ದಿನಾ ನೋಡಿಯೂ ಇದನ್ನು ಕಂಡಿರಲಿಲ್ಲ! ನೋಡಿದಾಗಲೆಲ್ಲ ಕಣ್ತುಂಬ ನೀರಿದ್ದರೆ ಗುಂಡಿ ಹೇಗೆ ಕಾಣಬೇಕು?

"ನಿಮಗೆ ಯಾವಾಗಿಂದ ಗೊತ್ತು ಅಮ್ಮಿ?"

"ನೀನು ತಂದ ದಿನದಿಂದ. ಎದೆಗವಚ್ಕೊಂಡು ತಂದಿದ್ದೆ. ಹೇಳೋಕೆ ಮನಸ್ಸು ಬರ್ಲಿಲ್ಲ."

ಅರ್ಶಿಯಾ ಫೋಟೋ ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಬುಗುರಿ ಬಿದ್ದ ದಿನ ತನ್ನ ದುಪಟ್ಟಾ ಒತ್ತಿ ಹಿಡಿದದ್ದು ಎಡಹುಬ್ಬಿಗೇ. ಈಗ ನಿಚ್ಚಳವಾಗಿ ನೆನಪಾಯಿತು. ಫೋಟೋ ನೋಡಿ ನೋಡಿ ಅಣ್ಣನನ್ನೇ ಮರೆತಿದ್ದೆ. ಅಣ್ಣನನ್ನು ಒಮ್ಮೆಯೂ ನೋಡದ ಆ ಮನುಷ್ಯ ಅವನನ್ನು ಸರಿಯಾಗಿ ಕಂಡಿದ್ದ... ನಾನು ಅವನಿಗೆ ಹೃದಯ ಇಲ್ಲ ಅಂದೆ!

ಆಮೇಲೆ ಇನ್ನೊಂದು ನೆನಪಾಯಿತು. ಸರಿಮಾಡಿ ಅಂದು ಬಂದಿದ್ದಳಲ್ಲ! ಅವನು ಕೆರೆದುಬಿಟ್ಟರೆ?

ಬೆಳಗಿನ ಮೊದಲ ಬಸ್ಸಿಗೇ ಮರಳೂರಿಗೆ ಬಂದರೆ ಬಾಗಿಲಿಗೆ ಬೀಗ. ಎದುರುಮನೆ ವನಜಮ್ಮ ಕಸ ಗುಡಿಸುತ್ತಲೇ ಹೇಳಿದರು. "ಕೆಲಸಕ್ಕೆ ರಜಾ ಹಾಕಿ ಗುಬ್ಬಿಗೆ ಹೋದ ಕಣಮ್ಮ, ಬಡಗಿ ನರಸಯ್ಯನ ಹತ್ರ. ಗಾಜಿನ ಪೆಟ್ಟಿಗೆ ತರ್ಬೇಕಂತೆ."

ಇವನಿಗೆ ಇವತ್ತೇ ಗುಬ್ಬಿ ನೆನಪಾಗಬೇಕಿತ್ತಾ! ಗುಬ್ಬಿ ಬಸ್ಸು ಹತ್ತಿದ ಕ್ಷಣದಿಂದ ಇಳಿಯುವವರೆಗೂ ಅವಳು ಡ್ರೈವರನ್ನು, ರಸ್ತೆಯನ್ನು, ಝುಬೇರನನ್ನು, ಎಲ್ಲರಿಗಿಂತ ಹೆಚ್ಚಾಗಿ ತನ್ನನ್ನು ಬೈದುಕೊಂಡಳು.

ನರಸಯ್ಯನ ಅಂಗಡಿಯಲ್ಲಿ ಝುಬೇರ್ ಪೆಟ್ಟಿಗೆಯ ಮುಂದೆ ಕೂತಿದ್ದ. ಕೈಯಲ್ಲಿ ಸಣ್ಣ ಬ್ಲೇಡು.

"ಬೇಡ! ಮುಟ್ಟಬೇಡಿ!"

ಈ ಸಲ ಅವನೇ ಬೆಚ್ಚಿಬಿದ್ದ. "ಗಾಜಿನ ಮೇಲಿನ ಅಂಟು ಕೆರೀತಿದ್ದೆ ರೀ..."

ಪೆಟ್ಟಿಗೆಯೊಳಗೆ ಸಯೀದ್ ನಿಂತಿದ್ದ. ಗಾಯ ಎಡಹುಬ್ಬಿನಲ್ಲೇ ಇತ್ತು.

"ಬದಲಾಯ್ಸೋಕೆ ಕೂತಿದ್ದೆ," ಎಂದ ಅವನು ತಲೆ ತಗ್ಗಿಸಿ. "ಸುಳ್ಳು ಗಾಯ ಹಾಕೋಕೆ ಕೈ ಬರ್ಲಿಲ್ಲ. ಬೈದ್ರೆ ಬೈಸ್ಕೊಳ್ಳೋಣ ಅಂತ ಹಾಗೇ ತಂದೆ."

"ಫೋಟೋ ಉಲ್ಟಾ ಇದೆ ಅಂತ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಗುಂಡಿಪಟ್ಟಿ ನೋಡಿದ ದಿನಾನೇ ಗೊತ್ತಾಯ್ತು. ಆದ್ರೆ ಆ ಫೋಟೋ ನೋಡ್ಕೊಂಡೇ ಬದುಕ್ತಿದೀವಿ ಅಂತ ನೀವೇ ಹೇಳಿದ್ರಿ. ಅದೂ ಸರಿ ಇಲ್ಲ ಅಂತ ಹೇಗೆ ಹೇಳ್ಲಿ?"

ಅರ್ಶಿಯಾಗೆ ಅಳು, ಸಿಟ್ಟು, ನಗು ಮೂರೂ ಒಟ್ಟಿಗೆ ಬಂದವು. "ಅಮ್ಮೀನೂ ಹೇಳ್ಲಿಲ್ಲ, ನೀವೂ ಹೇಳ್ಲಿಲ್ಲ! ಎಲ್ಲಾ ಸೇರ್ಕೊಂಡು ನನ್ನ ಗಾಜಿನ ಪೆಟ್ಟಿಗೇಲಿ ಇಡ್ಬೇಕು ಅಂತಿದೀರಾ? ಊರೆಲ್ಲಾ ಪ್ರಶ್ನೆ ಕೇಳೋಕೆ ಬಾಯಿ ಬರುತ್ತೆ, ಹೇಳೋಕೆ ಬರಲ್ವಾ? ಆ ಪ್ರಶ್ನೆಗಳೆಲ್ಲಾ ಬೇಕಿತ್ತೇನ್ರೀ ಈ ಬೊಂಬೆಗೆ?"

"ಒಂದು ಹತ್ತು ಬೇಕಿತ್ತು."

"ಮಿಕ್ಕಿದ್ದು?"

ಝುಬೇರ್ ಬ್ಲೇಡನ್ನು ಕೆಳಗಿಟ್ಟ. ಕಿವಿ ಮತ್ತೆ ಕೆಂಪಾಯಿತು. "ಮಿಕ್ಕಿದ್ದೆಲ್ಲಾ... ನೀವು ಇನ್ನೊಂದ್ಸಲ ಬರ್ಲಿ ಅಂತ."

"ಹನ್ನೊಂದು ಸಲ ರೀ! ಆ ಬಸ್ಸಲ್ಲಿ! ಹನ್ನೊಂದು ಸಲ!" ಎಂದು ಕೂಗಿದಳು ಅರ್ಶಿಯಾ. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ತುಟಿ ನಗುತ್ತಿತ್ತು. ನರಸಯ್ಯ ಮೆಲ್ಲಗೆ ಎದ್ದು ಬೀಡಿ ತರುವ ನೆಪದಲ್ಲಿ ಹೊರಗೆ ಹೋದ.

"ತಪ್ಪಾಯ್ತು ಅಂತ ಹೇಳೋಕೆ ಬಂದೆ," ಎಂದಳು ಸಣ್ಣ ದನಿಯಲ್ಲಿ. "ನಾಳೆ ಬರ್ಲೇಬೇಕು ನೀವು."

ಹದಿನೈದರಂದು ಧ್ವಜ ಹಾರಿದ ಮೇಲೆ ಶಿವರಾಮಯ್ಯ ಮೇಷ್ಟ್ರು ಪೆಟ್ಟಿಗೆಯ ಬಟ್ಟೆ ಸರಿಸಿದರು. ಕುಲ್ಸುಂ ಬೀ ಹತ್ತಿರ ಬಂದರು. ಗಾಜಿನ ಮೇಲೆ, ಸರಿಯಾಗಿ ಎಡಹುಬ್ಬಿನ ನೇರಕ್ಕೆ, ಬೆರಳಿಟ್ಟರು.

"ಬಂದ್ಬಿಟ್ಟ..." ಎಂದರು.

ಅಷ್ಟು ಸಾಕಾಯಿತು ಅರ್ಶಿಯಾಗೆ. ಗುಂಪಿನ ಹಿಂದೆ, ಹೊರಡುವವನಂತೆ ಗೇಟಿನ ಹತ್ತಿರ ನಿಂತಿದ್ದ ಝುಬೇರನ ಕಡೆ ನಡೆದಳು.

"ಘರ್ ಕೋ ಆವ್," ಎಂದಳು. "ಚಾಯ್ ಪೀಕೋ ಜಾವ್."

ಮನೆಗೆ ಬರಬೇಕಂತೆ, ಚಹಾ ಕುಡಿದು ಹೋಗಬೇಕಂತೆ! ಝುಬೇರ್ ಗೇಟು ಬಿಟ್ಟು ಇತ್ತ ತಿರುಗಿದ. ಮೂರು ತಿಂಗಳ ಜಗಳದಲ್ಲಿ ಒಮ್ಮೆಯೂ ಆಡದ ಮನೆಮಾತನ್ನು ಇವತ್ತು ತನ್ನ ಜೊತೆ ಆಡಿದಳು. ಅವನ ಕಣ್ಣು ತುಂಬಿಕೊಂಡಿತು. ಆಮೇಲೆ, ಹುಟ್ಟುಗುಣ ಎಲ್ಲಿ ಹೋಗುತ್ತದೆ, ಕೇಳಿಯೇಬಿಟ್ಟ.

"ನಿಮ್ಮನೇಲಿ ಚಾಯ್‌ಗೆ ಸಕ್ಕರೆ ಎಷ್ಟು ಹಾಕ್ತೀರಾ?"

"ಅಯ್ಯೋ ದೇವ್ರೇ, ಮತ್ತೆ ಪ್ರಶ್ನೆ!"

"ಇದು ಕೊನೇದು."

ಅರ್ಶಿಯಾ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ಮುಂದೆ ನಡೆದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

"ಕೊನೇದು ಅನ್ಬೇಡಿ. ದಿನಾ ಒಂದು ಕೇಳಿ."