ಟವೆಲಿಗೆ ಹತ್ತಿದ ವಾಸನೆ

ಸ್ನಾನಕ್ಕೆ ಹೋದ ಮನೆಯ ಯಜಮಾನರು ಹೊರಗೆ ಬರಲಿಲ್ಲ. ಮಗ ಬಾಗಿಲು ಒಡೆದಾಗ ಗ್ಯಾಸ್ ಗೀಸರ್ ಇನ್ನೂ ಉರಿಯುತ್ತಿತ್ತು, ಬಕೆಟ್ ತುಂಬಿ ನೀರು ಹರಿಯುತ್ತಿತ್ತು. ಅವರು ಗೋಡೆಗೆ ಒರಗಿ ಕೂತಿದ್ದರು — ಉಸಿರಿರಲಿಲ್ಲ.

ಠಾಣೆಗೆ ಫೋನ್ ಮಾಡಿದವಳು ಅವರ ಮಗಳು. ಹೋದವರು ನಾನು ಮತ್ತು ನಮ್ಮ ಇನ್‌ಸ್ಪೆಕ್ಟರು. ಕಂಡಲ್ಲೆಲ್ಲ ಮೂಗು ತೂರಿಸುತ್ತಾರೆಂದು ಅವರಿಗೆ ‘ಮೂಗು ಸಾಹೇಬರು’ ಎಂದೇ ಹೆಸರು. ಎದುರಿಗೆ ಮಾತ್ರ ಯಾರೂ ಅನ್ನುವುದಿಲ್ಲ. ನನಗೆ ಹೆಣ ನೋಡಿ ನೋಡಿ ಅಭ್ಯಾಸವಾಗಿದೆ. ಏನೂ ಅನ್ನಿಸುವುದಿಲ್ಲ. ಅನ್ನಿಸುವುದಿಲ್ಲವಲ್ಲ ಎಂಬ ಬೇಜಾರೂ ಈಗಿಲ್ಲ.

“ಇವಳೇ ಏನೋ ಬೆರೆಸಿ ಕೊಟ್ಟಿದಾಳೆ!” ಮಗಳು ಸೊಸೆಯತ್ತ ಬೆರಳು ತೋರಿಸಿದಳು. “ಅತ್ತಿಗೆ ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಸ್ನಾನಕ್ಕೆ ಮುಂಚೆ ಕಾಫಿ ಕೊಟ್ಟಳು, ಲೋಟ ಆಗಲೇ ತೊಳೆದಿಟ್ಟಳು. ಕಣ್ಣಲ್ಲಿ ಒಂದು ಹನಿ ನೀರಿದೆಯಾ ನೋಡಿ!”

ನಿಜ, ಇರಲಿಲ್ಲ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ಗರ ಬಡಿದವಳಂತೆ ನಿಂತಿದ್ದಳು.

“ಲೋಟ ಯಾಕಮ್ಮ ತೊಳೆದ್ರಿ?” ಸಾಹೇಬರು ಕೇಳಿದರು.

“ದಿನಾ ತೊಳಿತೀನಿ.”

“ಆಮೇಲೆ?”

“ಈರುಳ್ಳಿ ಹುರಿತಿದ್ದೆ.”

“ಮಾವ ಏನಾದ್ರೂ ಅಂದ್ರಾ?”

ಅವಳು ತಲೆ ತಗ್ಗಿಸಿ ಕೈಯಲ್ಲಿದ್ದ ಸೌಟನ್ನೇ ನೋಡಿದಳು. ಕಂಡಿರಾ ಎನ್ನುವಂತೆ ಮಗಳು ನನ್ನ ಮುಖ ನೋಡಿದಳು. ಸೊಸೆಯನ್ನು ಠಾಣೆಗೆ ಕರೆದೊಯ್ಯುವುದೇ ಸರಿ ಎಂದು ನನಗೂ ಅನ್ನಿಸಿತು.

ಸಾಹೇಬರು ಬಚ್ಚಲಿಗೆ ಹೋದರು. ಗೂಟದಲ್ಲಿ ಒಗೆದ ಟವೆಲ್ ಇತ್ತು. ಅದನ್ನು ಮೂಸಿ ನನ್ನ ಕೈಗಿತ್ತರು.

“ಏನ್ರೀ ವಾಸನೆ?”

“ಹುರಿದ ಈರುಳ್ಳಿ, ಸಾರ್.”

“ಬಾಗಿಲಿಗೆ ಚಿಲಕ ಹಾಕಿತ್ತು. ಕಿಟಕಿ ಮುಚ್ಚಿದೆ. ಒಲೆ ಮೇಲೆ ಹೊಗೆ ಎಳೆಯೋ ಚಿಮಣಿ ಬೇರೆ ಇದೆ. ಈರುಳ್ಳಿ ಇಲ್ಲಿಗೆ ಹೇಗ್ರೀ ಬಂತು?”

ಗೋಡೆಯ ಆಚೆಯೇ ಅಡುಗೆಮನೆ. ಅಲ್ಲಿಗೆ ಹೋದೆವು. ಚಿಮಣಿ ಹೊಚ್ಚ ಹೊಸದು.

“ಚೆನ್ನಾಗಿ ಎಳೆಯುತ್ತಾ?” ಎಂದು ಮಗನನ್ನು ಕೇಳಿದರು.

“ಕಾಗದ ಹಿಡಿದ್ರೆ ಅಂಟ್ಕೊಳತ್ತೆ ಸಾರ್.” ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಹೆಮ್ಮೆಯಿತ್ತು. “ಅಪ್ಪಂಗೆ ಘಾಟು ಆಗ್ತಿರ್ಲಿಲ್ಲ. ಕೆಮ್ಮಿ ಕೆಮ್ಮಿ ಸುಸ್ತಾಗೋರು. ಅದಕ್ಕೇ ಹಾಕಿಸ್ದೆ.”

“ಎಳೆದಿದ್ದನ್ನ ಎಲ್ಲಿಗೆ ಬಿಡತ್ತೆ?”

ಮಗನ ಕಣ್ಣು ಮೇಲಕ್ಕೆ ಹೋಯಿತು. ಸಾಹೇಬರು ಸ್ಟೂಲು ಹತ್ತಿ ಚಿಮಣಿಯ ಮೇಲಿನ ಹಲಗೆ ತೆಗೆದರು. ಚಿಮಣಿಯ ಕೊಳವೆ ಹೊರಗೆ ಹೋಗಿರಲೇ ಇಲ್ಲ. ಗೀಸರಿನ ಹೊಗೆ ಹೊರಹಾಕುವ ಹಳೆಯ ಕೊಳವೆ ಅಲ್ಲೇ ಹಾದುಹೋಗಿತ್ತು. ಅದಕ್ಕೆ ತೂತು ಕೊರೆದು, ಚಿಮಣಿಯದನ್ನು ಜೋಡಿಸಿ, ಟೇಪು ಸುತ್ತಲಾಗಿತ್ತು.

“ಫಿಟ್ಟರ್ ಮಾಡಿದ್ದಾ?”

“ಅಲ್ಲ. ಗೋಡೆಗೆ ಬೇರೆ ತೂತು ಕೊರೀಬೇಕು, ಅಲ್ಲಿವರೆಗೂ ಹಾಕ್ಬೇಡಿ ಅಂದಿದ್ದ. ಹೊಸ ಟೈಲ್ಸ್ ಒಡೆಯೋದಾ ಅಂತ... ನಾನೇ ಜೋಡಿಸ್ದೆ. ಎರಡೂ ಹೊಗೆ ತಾನೇ ಸಾರ್?”

“ಒಂದು ಹೊಗೆಗೆ ಘಾಟಿರತ್ತೆ. ಕೆಮ್ಮು ಬಂದು ಮನುಷ್ಯ ಎದ್ದು ಹೋಗ್ತಾನೆ. ಗೀಸರಿಂದು ಕಣ್ಣಿಗೆ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ, ಉಸಿರಲ್ಲೇ ಹೋಗಿ ಕೊಲ್ಲತ್ತೆ. ನಿಮ್ಮ ಚಿಮಣಿ ಫ್ಯಾನು ಅದೇ ಕೊಳವೆಗೆ ಗಾಳಿ ನೂಕ್ತು. ಗೀಸರಿನ ಹೊಗೆಗೆ ದಾರಿ ಸಿಗದೆ ಬಚ್ಚಲಿಗೇ ವಾಪಸ್ ಬಂತು. ಜೊತೆಗೆ ಈರುಳ್ಳಿ ವಾಸನೇನೂ ಬಂತು. ಡಾಕ್ಟರೂ ಇದನ್ನೇ ಹೇಳ್ತಾರೆ, ನೋಡಿ. ವಿಷ ಲೋಟದಲ್ಲಿರ್ಲಿಲ್ಲ.” ಸಾಹೇಬರು ಸ್ಟೂಲಿನಿಂದ ಇಳಿದರು. “ಬೇಕು ಅಂತ ಮಾಡ್ಲಿಲ್ಲ, ಒಪ್ತೀನಿ. ಆದ್ರೂ ಇದು ನಿಮ್ಮ ಕೈಯಿಂದ್ಲೇ ಆಗಿದ್ದು.”

ಮಗ ಟೈಲ್ಸನ್ನೇ ನೋಡುತ್ತಾ ನಿಂತ. ಒಂದು ಗೀರೂ ಬಿದ್ದಿರಲಿಲ್ಲ.

ಮಗಳು ಮೆಲ್ಲಗೆ ಬಂದು ಸೊಸೆಯ ಕೈಯಿಂದ ಸೌಟನ್ನು ತೆಗೆದುಕೊಂಡಳು. “ತಪ್ಪಾಯ್ತು ಅತ್ತಿಗೆ. ನಿಮ್ಮ ಮೇಲೆ ಹೊರಿಸ್ಬಿಟ್ಟೆ.”

ಆಗ ಸೊಸೆ ಬಾಯಿಬಿಟ್ಟಳು.

“ಮಾವ ಬಚ್ಚಲಿಂದ ಕೂಗಿದ್ರು. ‘ಏನಮ್ಮಾ, ಈರುಳ್ಳಿ ವಾಸನೆ ಇಲ್ಲಿಗೂ ಬರ್ತಿದೆಯಲ್ಲ’ ಅಂತ. ಪಾಪ, ಕೆಮ್ಮು ಬಂದೀತು ಅಂತ...” ಅವಳು ಚಿಮಣಿಯ ಗುಂಡಿಗಳತ್ತ ನೋಡಿದಳು. “ಇನ್ನೂ ಜೋರು ಮಾಡ್ದೆ.”

ಸಾಹೇಬರು ನನ್ನ ಕೈಯಿಂದ ಟವೆಲನ್ನು ತೆಗೆದುಕೊಂಡು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಅವಳ ಕಣ್ಣಲ್ಲಿ ಆಗಲೂ ಒಂದು ಹನಿ ನೀರಿರಲಿಲ್ಲ. ಈ ಸಲ ಯಾರೂ ಅದನ್ನು ಎತ್ತಿ ಆಡಲಿಲ್ಲ.