ಕರೆಂಟ್ ಹೋಗಗೊಡದ ಕಳ್ಳ

ಇಪ್ಪತ್ತಮೂರನೇ ತಾರೀಖು, ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು, ನಾಲ್ಕು ತುಂಡಾಗಿದ್ದ ಒಂದು ಕ್ರೆಡಿಟ್ ಕಾರ್ಡನ್ನು ಹೆಡ್ ಕಾನ್‌ಸ್ಟೇಬಲ್ಲರ ಮೇಜಿನ ಮೇಲೆ ಸುರಿದು, ಇದರ ಬದಲಿಗೆ ಬರಬೇಕಾದ ಕಾರ್ಡು ಕಳುವಾಗಿದೆ, ದೂರು ಬರೆದುಕೊಳ್ಳಿ ಎಂದರು.

ಹೆಡ್ ಕಾನ್‌ಸ್ಟೇಬಲ್ ತಮ್ಮ ಸರ್ವಿಸಿನಲ್ಲಿ ಸೈಕಲ್ಲಿನಿಂದ ಹಿಡಿದು ಸ್ಕೂಲಿನ ಗೇಟಿನ ತನಕ ಎಲ್ಲದರ ಕಳವಿನ ದೂರು ಬರೆದಿದ್ದರು. ಕೈಗೇ ಬರದ ವಸ್ತು ಕಳುವಾಯಿತು ಎಂದವರು ಇವರೇ ಮೊದಲು. ಯಾವುದಕ್ಕೂ ಇರಲಿ ಎಂದು ಅವರನ್ನು ಇನ್‌ಸ್ಪೆಕ್ಟರ್ ಮೇಡಂ ಕೋಣೆಗೆ ಕರೆದುಕೊಂಡು ಹೋದರು.

"ಏನು ಕೆಲಸ ಮಾಡ್ತೀರಿ?" ಮೇಡಂ ಕೇಳಿದರು.

"ಲಾಂಡ್ರಿ ಇದೆ. ನಂದೇ."

"ಕಾರ್ಡ್ ಯಾಕೆ ಕತ್ತರಿಸಿದ್ರಿ?"

"ಬ್ಯಾಂಕಿನವರು ಕತ್ತರಿಸಿ ಅಂದ್ರು, ಕತ್ತರಿಸಿದೆ."

ಲಾಂಡ್ರಿಯಮ್ಮ ಹೇಳಿದ್ದು ಇಷ್ಟು. ಅವರ ಕಾರ್ಡು ಪಾಯಿಂಟ್ ಸಿಗುವ ಕಾರ್ಡು. ಖರ್ಚು ಮಾಡಿದಷ್ಟೂ ಪಾಯಿಂಟ್ ಸೇರಿ, ಕೊನೆಗೆ ಅದರಿಂದಲೇ ವಿಮಾನದ ಟಿಕೆಟ್ ಪಡೆಯಬಹುದು. ಸೋಪು, ಪಿನ್ನು, ಬಟ್ಟೆಗೆ ಹೊದಿಸುವ ಪ್ಲಾಸ್ಟಿಕ್ ಕವರು, ಬಾಯ್ಲರಿನ ರಿಪೇರಿ, ಎಲ್ಲವನ್ನೂ ವರ್ಷಗಟ್ಟಲೆ ಅದೇ ಕಾರ್ಡಿನಲ್ಲಿ ಮಾಡಿದ್ದರು. ಒಂದೇ ಒಂದು ಪಾಯಿಂಟ್ ಮುಟ್ಟಿರಲಿಲ್ಲ. ಈ ಮಧ್ಯೆ ಹಳೆಯ ಬ್ಯಾಂಕು ತನ್ನ ಕಾರ್ಡಿನ ವ್ಯವಹಾರವನ್ನೆಲ್ಲ ಇನ್ನೊಂದು ಬ್ಯಾಂಕಿಗೆ ಮಾರಿತು. ಹೊಸ ಬ್ಯಾಂಕಿನ ಕಾರ್ಡು ಕೊರಿಯರಿನಲ್ಲಿ ಬರುತ್ತದೆ, ಪಾಯಿಂಟೆಲ್ಲ ಅದಕ್ಕೆ ಹೋಗುತ್ತದೆ, ಹಳೆಯದನ್ನು ಕತ್ತರಿಸಿ ಎಂದು ಪತ್ರ ಬಂತು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದು ಸಾಕಾಗಿ ಇವರು ಸಹಾಯವಾಣಿಗೆ ಫೋನ್ ಮಾಡಿದರೆ, ನಿಮ್ಮ ಕಾರ್ಡು ಚಾಲೂ ಆಗಿ ಎರಡು ವಾರ ಆಯಿತು, ಪಾಯಿಂಟೆಲ್ಲ ಪ್ರಯಾಣದ ಕೂಪನ್ ಮಾಡಿಸಿಕೊಂಡಿದ್ದೀರಲ್ಲ ಅಂದರಂತೆ.

"ಟಿಕೆಟ್ ಎಲ್ಲಿಗೆ ಬೇಕಿತ್ತು?"

"ತಂಗಿ ಹತ್ರ. ಸಮುದ್ರದ ಆಚೆ ದೇಶದಲ್ಲಿ ನರ್ಸು. ಬರೋ ತಿಂಗಳು ಚೊಚ್ಚಲ ಹೆರಿಗೆ." ಲಾಂಡ್ರಿಯಮ್ಮ ಕಾರ್ಡಿನ ತುಂಡುಗಳನ್ನು ಒಟ್ಟುಗೂಡಿಸುತ್ತಾ ಹೇಳಿದರು. "ಅಮ್ಮ ಇಲ್ಲ. ಅವಳನ್ನ ಎತ್ತಿ ಆಡಿಸಿ ದೊಡ್ಡದು ಮಾಡಿದ್ದು ನಾನೇ. ಬಂದೇ ಬರ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಶುಕ್ರವಾರ ಸಂಜೆಗೆ ಹಳೇ ಬ್ಯಾಂಕಿನ ಲೆಕ್ಕ ಮುಚ್ಚುತ್ತಂತೆ. ಆಮೇಲೆ ಹೋದ ಪಾಯಿಂಟ್ ಹೋದಂಗೇ ಅಂತೆ."

ಕಳವು ಮತ್ತು ವಂಚನೆಯ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಕೊರಿಯರ್ ಕಚೇರಿಯಿಂದ ಮಧ್ಯಾಹ್ನವೇ ಉತ್ತರ ಬಂತು. ಎರಡು ಸಲ ಹೋದರೂ ಲಾಂಡ್ರಿಯ ಬಾಗಿಲು ಹಾಕಿತ್ತು, ಕಾರ್ಡನ್ನು ಬ್ಯಾಂಕಿಗೇ ವಾಪಸ್ ಕೊಟ್ಟು ಸಹಿ ಪಡೆದಿದ್ದೇವೆ. ಬಾಯ್ಲರ್ ಕೆಟ್ಟು ಎರಡು ದಿನ ಅಂಗಡಿ ಮುಚ್ಚಿದ್ದು ನಿಜವೆಂದು ಲಾಂಡ್ರಿಯಮ್ಮ ಒಪ್ಪಿಕೊಂಡರು.

ಮೇಡಂ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಯಾವ ಕೇಸೇ ಇರಲಿ, ಅಲ್ಲಿ ಆದದ್ದನ್ನೆಲ್ಲ ತಮ್ಮ ಕೈಯಾರೆ ಒಮ್ಮೆ ಮಾಡಿ ನೋಡದೆ ಅವರಿಗೆ ಸಮಾಧಾನವಿಲ್ಲ. ಬೀಗ ಒಡೆದ ಕೇಸಾದರೆ ಅಂಥದೇ ಬೀಗ ತರಿಸಿ ಒಡೆಯುತ್ತಾರೆ. ಒಮ್ಮೆ ಕಿಟಕಿಯ ಸರಳುಗಳ ನಡುವೆ ಕಳ್ಳನ ಹಾಗೆ ನುಸುಳಲು ಹೋಗಿ ಸಿಕ್ಕಿಕೊಂಡಾಗ ಎಳೆದು ಬಿಡಿಸಿದವರು ಹೆಡ್ ಕಾನ್‌ಸ್ಟೇಬಲ್. ಆ ಸುದ್ದಿ ಇವತ್ತಿಗೂ ಅವರ ಹೊಟ್ಟೆಯಲ್ಲೇ ಇದೆ. ತಮಗಿಂತ ವಯಸ್ಸಿನಲ್ಲಿ ಎಷ್ಟೋ ಚಿಕ್ಕವರಾದ ಈ ಅಧಿಕಾರಿಯ ಮೇಲೆ ಅವರಿಗೆ ಇದ್ದದ್ದು ಬರೀ ಗೌರವವಲ್ಲ, ಅಭಿಮಾನ.

ಮಂಗಳವಾರ ಇಬ್ಬರೂ ಲಾಂಡ್ರಿಗೆ ಹೋದರು. ಹಬೆಗೆ ಕನ್ನಡಿಯೆಲ್ಲ ಮಂಜಾಗಿತ್ತು. ಒಗೆದ ಕೋಟುಗಳು ಕವರು ಹೊದ್ದು ಸಾಲಾಗಿ ನೇತಾಡುತ್ತಿದ್ದವು, ಒಂದೊಂದಕ್ಕೂ ನಂಬರಿನ ಚೀಟಿ. ಮೇಡಂ ಅಲ್ಲೇ ಇಸ್ತ್ರಿ ಮೇಜಿನ ಪಕ್ಕ ನಿಂತು, ಹೊಸ ಕಾರ್ಡಿನಲ್ಲಿ ಏನೇನು ನಡೆದಿದೆ ಎಂದು ಬ್ಯಾಂಕು ಕಳಿಸಿದ ವಿವರವನ್ನು ಫೋನಿನಲ್ಲಿ ಓದಿದರು.

"ಮೇಲಿನ ದೀಪ ಉರೀತಾ ಇದೆಯಲ್ಲಮ್ಮ. ಕರೆಂಟ್ ಬಿಲ್ ಹೇಗೆ ಕಟ್ತೀರಿ?"

"ಕಾರ್ಡಿಂದ ತಾನಾಗೇ ಹೋಗುತ್ತೆ."

"ಹಳೇ ಕಾರ್ಡ್ ನಿಂತುಹೋಗಿದೆ. ಈ ತಿಂಗಳು ಹೇಗೆ ಹೋಯ್ತು?"

ಲಾಂಡ್ರಿಯಮ್ಮ ದೀಪವನ್ನೇ ನೋಡಿದರು. "ಬ್ಯಾಂಕಿನವರೇ ಸರಿ ಮಾಡಿರ್ಬೇಕು."

ಬ್ಯಾಂಕಿನವರು ಮಾಡಿರಲಿಲ್ಲ. ತಾನಾಗಿ ಹೋಗುವ ಬಿಲ್ಲುಗಳನ್ನು ಹೊಸ ಕಾರ್ಡಿಗೆ ಗ್ರಾಹಕರೇ ಒಂದೊಂದಾಗಿ ಬದಲಾಯಿಸಿಕೊಳ್ಳಬೇಕು ಎಂದು ಪತ್ರದಲ್ಲೇ ಇತ್ತು. ಕಾರ್ಡು ಚಾಲೂ ಮಾಡಿ, ಪಾಯಿಂಟು ಬಾಚಿಕೊಂಡ ಕಳ್ಳ, ಕೂತು ಕರೆಂಟು, ನೀರು, ಅಂಗಡಿಯ ವಿಮೆ ಎಲ್ಲವನ್ನೂ ಬದಲಾಯಿಸಿದ್ದ.

ಜೀಪಿನಲ್ಲಿ ಹೆಡ್ ಕಾನ್‌ಸ್ಟೇಬಲ್ ತಮ್ಮ ಬುದ್ಧಿ ಓಡಿಸಿದರು. "ಕಿಲಾಡಿ ಮೇಡಂ ಇವನು. ಕರೆಂಟ್ ಹೋಗಿದ್ರೆ ಆಯಮ್ಮ ಅವತ್ತೇ ಫೋನ್ ಮಾಡ್ತಿದ್ರು, ಇವನ ಬಂಡವಾಳ ಬಯಲಾಗ್ತಿತ್ತು. ಅದಕ್ಕೇ ಮುಚ್ಚಿಟ್ಟಿದ್ದಾನೆ."

"ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಇದೊಂದು ಇದೆ ನೋಡ್ರಿ." ಮೇಡಂ ಫೋನ್ ಮುಂದೆ ಹಿಡಿದರು. "ಅಂಧರ ಶಾಲೆಗೆ ತಿಂಗಳಿಗೊಂದು ಸಣ್ಣ ದೇಣಿಗೆ. ಇದು ನಿಂತಿದ್ರೆ ಆಯಮ್ಮನಿಗೆ ವರ್ಷ ಆದ್ರೂ ಗೊತ್ತಾಗ್ತಿರ್ಲಿಲ್ಲ. ಇದನ್ನೂ ಬದಲಾಯಿಸಿದ್ದಾನೆ."

"ಯಾಕೆ?"

"ಉಪಾಯ ಅಲ್ಲ ಇದು. ಅಭ್ಯಾಸ. ದಿನಾ ಇದೇ ಕೆಲಸ ಮಾಡೋರ ಕೈ."

ಹೆಡ್ ಕಾನ್‌ಸ್ಟೇಬಲ್ ಮನಸ್ಸಿನಲ್ಲೇ ಶಹಬ್ಬಾಸ್ ಅಂದುಕೊಂಡರು.

ಅನುಮತಿ ಪತ್ರ, ಅದಕ್ಕೊಂದು ಉತ್ತರ ಅಂತ ಬುಧವಾರ ಕಳೆದೇ ಹೋಯಿತು. ಗುರುವಾರ ಬೆಳಗ್ಗೆ ಇಬ್ಬರೂ ಮಫ್ತಿಯಲ್ಲಿ, ಕಾರ್ಡು ಬದಲಾವಣೆಯ ಕೆಲಸ ನಡೆಯುತ್ತಿದ್ದ ಹಳೆಯ ಬ್ಯಾಂಕಿನ ಸಹಾಯವಾಣಿಯ ಕಚೇರಿಗೆ ಹೋದರು. ಉದ್ದನೆಯ ಹಾಲು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ತಲೆಗಳ ಸಾಲು, ಅರ್ಧ ಕುರ್ಚಿಗಳು ಖಾಲಿ. ಹೊಸ ಬ್ಯಾಂಕಿಗೆ ಈ ಕಚೇರಿ ಬೇಡವಾಗಿತ್ತು. ಲೆಕ್ಕ ಮುಚ್ಚಿದ ಮೇಲೆ ಎಲ್ಲರೂ ಮನೆಗೆ. ಕೊರಿಯರಿನಿಂದ ವಾಪಸ್ ಬಂದ ಕಾರ್ಡುಗಳು ಒಂದು ಕಬ್ಬಿಣದ ಬೀರುವಿನಲ್ಲಿದ್ದವು. ಬೀರುವಿನ ಬೀಗದ ಕೈ ಐದು ಜನರ ಹತ್ತಿರ ಓಡಾಡುತ್ತದೆ, ಗ್ರಾಹಕರಿಗೆ ಫೋನ್ ಮಾಡಿ ತಿಳಿಸುವುದು ಆ ಐವರ ಕೆಲಸ ಎಂದು ಮೇಲ್ವಿಚಾರಕಿ ಹೇಳಿದರು. ಲಾಂಡ್ರಿಯಮ್ಮನ ಕಾರ್ಡು ಚಾಲೂ ಆಗಿದ್ದು ಇದೇ ಹಾಲಿನಿಂದ, ಆದರೆ ರಜೆಯಲ್ಲಿದ್ದ ಯಾರದೋ ಪಾಸ್‌ವರ್ಡಿನಲ್ಲಿ. ಆ ಪಾಸ್‌ವರ್ಡೋ, ಇಡೀ ಹಾಲಿಗೇ ಗೊತ್ತಿತ್ತು.

"ಐದು ಜನಾನೂ ಮಾತಾಡೋದು ಕೇಳಬೇಕು," ಎಂದರು ಮೇಡಂ.

ಮೇಲ್ವಿಚಾರಕಿಯ ಕೋಣೆಯಲ್ಲಿ ಕೂತು ಇಬ್ಬರೂ ಹೆಡ್‌ಫೋನ್ ಹಾಕಿಕೊಂಡರು. ಮೊದಲನೆಯವನು ಕಾರ್ಡು ಚಾಲೂ ಮಾಡಿಕೊಟ್ಟು, ಬಿಲ್ಲುಗಳನ್ನ ನೀವೇ ಬದಲಾಯಿಸ್ಕೊಳ್ಳಿ ಸರ್ ಎಂದು ಮುಗಿಸಿದ. ಎರಡನೆಯವಳು ಅದನ್ನೂ ಹೇಳಲಿಲ್ಲ. ಇನ್ನಿಬ್ಬರು ಬೆನ್ನಿಗೆ ಬೆಂಕಿ ಬಿದ್ದವರಂತೆ ಓದಿ ಒಪ್ಪಿಸಿದರು.

ಐದನೆಯ ದನಿ ನಿಧಾನವಾಗಿತ್ತು. ಆ ಕಡೆ ಇದ್ದವರು ಕಿವಿ ಮಂದವಾದ ಒಬ್ಬ ಅಜ್ಜ.

"ಅಜ್ಜಾ, ಅವಸರ ಇಲ್ಲ. ಕಾರ್ಡ್ ಚಾಲೂ ಆಯ್ತು. ಈಗ ಹೇಳಿ, ಮನೆ ಕರೆಂಟ್ ಬಿಲ್ ಇದರಿಂದಾನೇ ಹೋಗುತ್ತಾ?"

"ಹೌದಪ್ಪ, ಮಗಳು ಮಾಡಿಕೊಟ್ಟಿದ್ದು."

"ಹಾಗಾದ್ರೆ ಇವತ್ತೇ ಬದಲಾಯಿಸ್ಬಿಡೋಣ, ಇಲ್ಲಾಂದ್ರೆ ಕರೆಂಟ್ ಹೋಗುತ್ತೆ. ನಾನು ಹೇಳ್ತೀನಿ, ನೀವು ಒತ್ತಿ. ಕರೆಂಟ್ ಆದ್ಮೇಲೆ ನೀರು. ನೀರಾದ್ಮೇಲೆ ವಿಮೆ. ದಾನ ಧರ್ಮ ಏನಾದ್ರೂ ಇದ್ರೆ ಅದು ಕೊನೇಲಿ."

ಅಜ್ಜ ಮೂರು ಸಲ ತಪ್ಪು ಗುಂಡಿ ಒತ್ತಿದರು. ಮೂರು ಸಲವೂ ಆ ದನಿ ಮೊದಲಿನಷ್ಟೇ ತಾಳ್ಮೆಯಿಂದ ಮೊದಲಿನಿಂದ ಹೇಳಿಕೊಟ್ಟಿತು. ಹೆಡ್ ಕಾನ್‌ಸ್ಟೇಬಲ್ಲರಿಗೆ ತಮ್ಮ ತಂದೆಗೆ ಯಾರೂ ಹೀಗೆ ಹೇಳಿಕೊಡಲಿಲ್ಲವಲ್ಲ ಅನ್ನಿಸಿತು. ತಾನೂ ಹೇಳಿಕೊಟ್ಟಿರಲಿಲ್ಲ. ಇವನು ಮಾತ್ರ ಆಗಿರಬಾರದು ಎಂದು ಅವರ ಮನಸ್ಸು ಬೇಡಿಕೊಳ್ಳುತ್ತಿತ್ತು, ಇವನೇ ಎಂದು ತಲೆಗೆ ಗೊತ್ತಿತ್ತು.

"ನಮ್ಮಲ್ಲಿ ಎಲ್ಲರಿಗಿಂತ ಒಳ್ಳೆ ಕೆಲಸಗಾರ," ಎಂದರು ಮೇಲ್ವಿಚಾರಕಿ. "ಇವರೆಲ್ಲ ಸೇರಿ ನಿಧಾನಪ್ಪ ಅಂತ ಹೆಸರಿಟ್ಟಿದ್ದಾರೆ."

ನಿಧಾನಪ್ಪ ಕೋಣೆಗೆ ಬಂದ. ನಲವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಕುರ್ಚಿಯ ತುದಿಯಲ್ಲಿ ಕೂತ. ಬಂದವರು ಪೊಲೀಸರು ಎಂದು ತಿಳಿದಾಗ ಒಮ್ಮೆ ಕನ್ನಡಕ ಸರಿಮಾಡಿಕೊಂಡ, ಅಷ್ಟೆ.

"ವಾಪಸ್ ಬಂದ ಕಾರ್ಡುಗಳನ್ನ ನೀವೂ ನೋಡ್ಕೋತೀರಾ?"

"ಹೌದು ಮೇಡಂ."

"ಒಂದು ಲಾಂಡ್ರಿ ಕಾರ್ಡು ವಾಪಸ್ ಬಂದಿತ್ತು. ನೆನಪಿದೆಯಾ?"

"ದಿನಾ ಎಷ್ಟೋ ಬರ್ತವೆ."

"ನಿಮ್ಮ ಕಚೇರಿಯ ಯಾರೋ ಅದನ್ನ ಚಾಲೂ ಮಾಡಿದ್ದಾರೆ. ಬಿಲ್ಲುಗಳನ್ನೂ ಬದಲಾಯಿಸಿದ್ದಾರೆ. ಆದ್ರೆ ಅರೆಬರೆ ಕೆಲಸ. ಅಂಧರ ಶಾಲೆ ದೇಣಿಗೇನ ಹಾಗೇ ಬಿಟ್ಟುಬಿಟ್ಟಿದ್ದಾರೆ. ಪಾಪ, ಮಕ್ಕಳಿಗೆ ಬರೋದು ನಿಂತುಹೋಗಿದೆ."

"ಬಿಟ್ಟಿಲ್ಲ ಮೇಡಂ," ಎಂದ ನಿಧಾನಪ್ಪ. "ಅದೂ ಆಗಿದೆ."

ಹೊರಗೆ ಹಾಲಿನಲ್ಲಿ ಫೋನುಗಳು ಗುಣುಗುಣು ಎನ್ನುತ್ತಿದ್ದವು. ಆಡಿದ ಮಾತು ಏನೆಂದು ಅರ್ಥವಾಗಿ, ಅವನ ಮುಖದಿಂದ ಬಣ್ಣ ಮೆಲ್ಲಗೆ ಇಳಿಯಿತು. ಮೇಡಂ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಮೇಲ್ವಿಚಾರಕಿಗೆ ನೀರು ತರಿಸಲು ಹೇಳಿದರು.

"ಕೂಪನ್ ಎಲ್ಲಿದೆ?"

"ನನ್ನ ಲಾಕರಲ್ಲಿ. ಬಳಸಿಲ್ಲ."

ಇಬ್ಬರು ಪಂಚರ ಎದುರು ಲಾಕರ್ ತೆರೆದು ಪಂಚನಾಮೆ ಮಾಡಿದರು. ಒಂದು ಸ್ವೆಟರು, ಟಿಫನ್ ಡಬ್ಬಿ, 'ತಿಂಗಳ ಉತ್ತಮ ನೌಕರ' ಎಂಬ ಪ್ರಶಸ್ತಿ ಪತ್ರಗಳ ದಪ್ಪ ಕಟ್ಟು, ಅದರ ಕೆಳಗೆ ಲಾಂಡ್ರಿಯಮ್ಮನ ಹೊಸ ಕಾರ್ಡು ಮತ್ತು ಪ್ರಯಾಣದ ಕೂಪನ್. ಮಧ್ಯಾಹ್ನ ಎರಡೂವರೆಗೆ ಬಂಧನ. ಹಾಲಿನಲ್ಲಿ ಅವನನ್ನು ಕರೆದುಕೊಂಡು ಹೋಗುವಾಗ ಯಾರೂ ತಲೆ ಎತ್ತಲಿಲ್ಲ. ಮೇಡಂ ಅವನ ಭುಜದ ಮೇಲೆ ಕೈ ಹಾಕಿರಲಿಲ್ಲ, ಪಕ್ಕದಲ್ಲಿ ಮಾತಾಡುತ್ತಾ ನಡೆದರು. ನೋಡಿದವರಿಗೆ ಯಾವುದೋ ಮೀಟಿಂಗಿಗೆ ಹೊರಟಂತೆ ಕಾಣಬೇಕು, ಅಷ್ಟೇ ಅವರ ಉದ್ದೇಶ.

ಠಾಣೆಯಲ್ಲಿ ಹೇಳಿಕೆಯನ್ನು ಹೆಡ್ ಕಾನ್‌ಸ್ಟೇಬಲ್ ಬರೆದುಕೊಂಡರು.

"ನೌಕರರಿಗೂ ಪಾಯಿಂಟ್ ಕೊಡೋರು," ಎಂದ ನಿಧಾನಪ್ಪ. "ಉತ್ತಮ ನೌಕರ ಅಂತ ಆದಾಗೆಲ್ಲ. ನಾನೂ ಕೂಡಿಟ್ಟಿದ್ದೆ. ಯಾರ್ಯಾರನ್ನೋ ಯಾವ್ಯಾವ ಊರಿಗೋ ಕಳಿಸಿದ ಕತೆ ಮನೇಲಿ ಹೇಳ್ತಿದ್ದೆ. ನನ್ನ ಹೆಂಡತಿ ಅಡುಗೆ ಮಾಡ್ತಾ ಕೇಳ್ತಿದ್ಲು. ಒಂದಿನ ಕೇಳಿದ್ಲು, ನಮ್ಮ ಸರದಿ ಯಾವಾಗ ಅಂತ. ಕೆಲಸ ಬಿಡೋ ಮುಂಚೆ ಅಂದೆ."

"ಆಮೇಲೆ?"

"ಬ್ಯಾಂಕ್ ಬದಲಾಯ್ತು. ಗ್ರಾಹಕರ ಪಾಯಿಂಟ್ ಹೊಸ ಬ್ಯಾಂಕಿಗೆ ಹೋಗುತ್ತೆ, ನೌಕರರದ್ದು ರದ್ದು. ಊರವರದ್ದನ್ನೆಲ್ಲ ನಾನೇ ಕೂತು ಆ ಕಡೆ ದಾಟಿಸ್ತಿದ್ದೆ. ನಂದು ಸೊನ್ನೆ. ಕೇಳಿದ್ರೆ ಉತ್ತರ ಇಲ್ಲ. ಆಗ ಈ ಕಾರ್ಡ್ ವಾಪಸ್ ಬಂತು. ಪಾಯಿಂಟ್ ಒಂದ್ಸಲಾನೂ ಬಳಸಿಲ್ಲ, ಬಾಗಿಲೂ ಹಾಕಿದೆ. ಇವರಿಗೆ ನೆನಪೇ ಇಲ್ಲ, ಹೇಗೂ ಹಾಳಾಗಿ ಹೋಗೋದು ಅಂದ್ಕೊಂಡೆ."

"ಮರೆತವರಲ್ಲ," ಎಂದರು ಮೇಡಂ. "ಕೂಡಿಡ್ತಿದ್ರು. ನಿಮ್ಮ ಹಾಗೇ."

ಅವನು ತಲೆ ತಗ್ಗಿಸಿದ.

ಶುಕ್ರವಾರ ಬೆಳಗ್ಗೆ ಇನ್ನೊಂದು ತೊಡಕು ಎದುರಾಯಿತು. ಕೂಪನ್ ರದ್ದು ಮಾಡಿದ್ದೇವೆ, ಪಾಯಿಂಟ್ ವಾಪಸ್ ಹಾಕಲು ಚಾಲೂ ಇರುವ ಕಾರ್ಡು ಬೇಕು ಎಂದರು ಬ್ಯಾಂಕಿನ ಅಧಿಕಾರಿ. ಸಿಕ್ಕ ಕಾರ್ಡು ಕೇಸಿನ ಸಾಕ್ಷಿ, ಅದನ್ನು ಮುಚ್ಚಿ ಸೀಲ್ ಮಾಡಿಯಾಗಿತ್ತು. ಹೊಸದು ಬರಲು ವಾರ ಹಿಡಿಯುತ್ತದೆ, ಲೆಕ್ಕ ಸಂಜೆಗೆ ಮುಚ್ಚುತ್ತದೆ. ಲಾಂಡ್ರಿಯಮ್ಮ ಠಾಣೆಯ ಕುರ್ಚಿಯಲ್ಲಿ ಕೂತು ಸೆರಗಿನ ಅಂಚು ಹಿಂಡುತ್ತಿದ್ದರು. ಕಳ್ಳ ಸಿಕ್ಕ, ಮಾಲು ಸಿಕ್ಕಿತು, ಆದರೂ ತಂಗಿಯ ಹೆರಿಗೆಗೆ ಅಕ್ಕ ಇರುವುದಿಲ್ಲ ಎನ್ನುವ ಹಾಗಾಯಿತು. ಮೇಡಂ ಮೂರನೇ ಸಲ ಫೋನ್ ಇಟ್ಟರು.

ಕೋರ್ಟಿಗೆ ಹೊರಡಿಸಲು ಬೆಂಚಿನ ಮೇಲೆ ಕೂರಿಸಿದ್ದ ನಿಧಾನಪ್ಪ ಮೆಲ್ಲಗೆ ಕೆಮ್ಮಿದ.

"ಮೇಡಂ, ಕಾರ್ಡ್ ಬೇಕಾಗಿಲ್ಲ. ಸಂಜೇವರೆಗೂ ಹಳೇ ಬ್ಯಾಂಕಿನ ಪಾಯಿಂಟ್ ಸದಸ್ಯತ್ವ ಇದ್ದೇ ಇರುತ್ತೆ. ಆ ನಂಬರಿಗೇ ಪಾಯಿಂಟ್ ವಾಪಸ್ ಹಾಕಿಸಿ, ಟಿಕೆಟ್ಟೂ ಅದರಲ್ಲೇ ಮಾಡಿಸಬಹುದು. ಪಾಸ್‌ಪೋರ್ಟ್ ಮುಂದಿಟ್ಕೊಂಡು ಮಾಡಿ, ಸ್ಪೆಲ್ಲಿಂಗ್ ಕೇಳ್ತಾರೆ. ಬ್ಯಾಂಕಿನವರು ಮಧ್ಯಾಹ್ನ ಊಟಕ್ಕೆ ಹೋಗೋ ಮುಂಚೆ ಮಾಡಿ."

ಮೇಡಂ ಅವನನ್ನೊಮ್ಮೆ ನೋಡಿ ಫೋನ್ ಎತ್ತಿದರು. ಹೌದು, ಹಾಗೊಂದು ದಾರಿ ಇದೆ, ನನಗೆ ಹೊಳೆಯಲಿಲ್ಲ ಎಂದರು ಅಧಿಕಾರಿ. ಲಾಂಡ್ರಿಯಮ್ಮ ಪಾಸ್‌ಪೋರ್ಟ್ ತೆರೆದು ಅಕ್ಷರ ಅಕ್ಷರವಾಗಿ ಓದಿದರು. ಹನ್ನೆರಡೂಕಾಲಿಗೆ ಅವರ ಫೋನಿಗೆ ಟಿಕೆಟ್ ಬಂತು. ಕಣ್ಣು ಒರೆಸಿಕೊಂಡು, ಮತ್ತೆ ಓದಿ, ಮತ್ತೆ ಒರೆಸಿಕೊಂಡರು.

ಹೋಗುವಾಗ ಬೆಂಚಿನ ಮುಂದೆ ನಿಂತರು. ಬೈಯುತ್ತಾರೆ ಎಂದು ಹೆಡ್ ಕಾನ್‌ಸ್ಟೇಬಲ್ ಎದ್ದು ನಿಂತರು. ಅವರು ಬೈಯಲಿಲ್ಲ.

"ಅವತ್ತು ನಂಗೊಂದು ಫೋನ್ ಮಾಡಿದ್ರೆ ಸಾಕಿತ್ತಲ್ಲಪ್ಪ. ಇದನ್ನೆಲ್ಲ ನೀನೇ ಕೂತು ಮಾಡಿಕೊಡ್ತಿದ್ದೆ."

"ಹೌದಮ್ಮ." ಅವನ ದನಿ ಆಗಲೂ ನಿಧಾನವಾಗಿಯೇ ಇತ್ತು. "ಮಾಡಿದ್ದೆ. ರಿಂಗ್ ಆಗೋ ಮೊದಲೇ ಇಟ್ಟುಬಿಟ್ಟೆ."

ಹೆಡ್ ಕಾನ್‌ಸ್ಟೇಬಲ್ ಅದನ್ನೂ ಹೇಳಿಕೆಯ ಕೊನೆಯಲ್ಲಿ ಸೇರಿಸಿ, ಓದಿ ಹೇಳಿ, ಸಹಿ ಹಾಕಿಸಿಕೊಂಡರು.